ಎಲ್ಲರಿಗೂ ಕೈ ಕೊಡುವ ಗೋಡೆ

ಆ ಪ್ರಾಥಮಿಕ ಶಾಲೆಯಲ್ಲಿ ಸ್ಕೇಲಿಲ್ಲದೆ ನೆಟ್ಟಗೆ ಗೆರೆ ಎಳೆಯಬಲ್ಲವರು ಒಬ್ಬರೇ ಇದ್ದರು, ಚಿತ್ರ ಕಲಿಸುವ ಮಿಸ್ಸು. ಅದಕ್ಕೇ ಅವರಿಗೆ ಗೆರೆ ಮಿಸ್ಸು ಎಂದು ಹೆಸರು ಬಿದ್ದಿತ್ತು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು ಅನ್ನಿ, ಆದರೆ ಆ ಹೆಸರಿನಿಂದ ಕರೆದರೆ ಅವರೇ ತಿರುಗಿ ನೋಡುತ್ತಿದ್ದರೋ ಇಲ್ಲವೋ ಅನುಮಾನ. ಕಪ್ಪುಹಲಗೆಯ ಈ ತುದಿಯಲ್ಲಿ ಸೀಮೆಸುಣ್ಣ ಊರಿ, ಮಕ್ಕಳ ಕಡೆಗೇ ಮುಖ ಮಾಡಿ ಮಾತಾಡುತ್ತ ಆ ತುದಿಯವರೆಗೆ ನಡೆದುಬಿಡುತ್ತಿದ್ದರು. ನೋಡಿದರೆ ಗೆರೆ ದಾರ ಹಿಡಿದು ಎಳೆದ ಹಾಗೆ. ಮಕ್ಕಳು ಸ್ಕೇಲು ತಂದಿಟ್ಟು ಪರೀಕ್ಷೆ ಮಾಡುತ್ತಿದ್ದರು. ಕೊನೆಗೆ ಸ್ಕೇಲೇ ಸೊಟ್ಟ ಎಂದು ತೀರ್ಮಾನವಾಗುತ್ತಿತ್ತು.

ಶಾಲೆಯ ಬೋರ್ಡುಗಳೆಲ್ಲ ಅವರ ಕೈಬರಹವೇ. ‘ನೀರು ಪೋಲು ಮಾಡಬೇಡಿ’ ಎಂಬುದರಿಂದ ಹಿಡಿದು ಶೌಚಾಲಯದ ಬಾಗಿಲಿನವರೆಗೆ ಎಲ್ಲವೂ ಮುತ್ತು ಪೋಣಿಸಿದಂಥ ಅಕ್ಷರ. ತಮ್ಮ ಕೋಣೆಯ ಬೋರ್ಡಿಗಿಂತ ಶೌಚಾಲಯದ್ದೇ ಚೆನ್ನಾಗಿದೆ ಎಂದು ಹೆಡ್ ಮೇಷ್ಟ್ರು ಒಮ್ಮೆ ಮುನಿಸಿಕೊಂಡು, ತಮ್ಮದನ್ನು ಮತ್ತೊಮ್ಮೆ ಬರೆಸಿಕೊಂಡಿದ್ದರು.

ಈ ವಿದ್ಯೆ ಅಪ್ಪನಿಂದ ಬಂದದ್ದು. ಅಪ್ಪ ಅಂಗಡಿಗಳ ಬೋರ್ಡು ಬರೆಯುವುದರಲ್ಲಿ ಎತ್ತಿದ ಕೈ. ಮಗಳು ಚಿಕ್ಕವಳಿದ್ದಾಗ ಬಣ್ಣದ ಡಬ್ಬಿ ಹಿಡಿದುಕೊಂಡು ಏಣಿಯ ಬುಡದಲ್ಲಿ ನಿಂತಿರುತ್ತಿದ್ದಳು. ಸ್ವಲ್ಪ ಬೆಳೆಯುತ್ತಲೇ ಏಣಿಯನ್ನೇ ಹತ್ತಿದಳು. ಅಪ್ಪನ ಬಳಿ ತುದಿಗೆ ಬಟ್ಟೆಯ ಉಂಡೆ ಸುತ್ತಿದ ಒಂದು ಕೋಲಿತ್ತು. ಎಡಗೈಯಲ್ಲಿ ಅದನ್ನು ಬೋರ್ಡಿಗೆ ಒತ್ತಿ ಹಿಡಿದು, ಅದರ ಮೇಲೆ ಬಲಗೈಯ ಮಣಿಕಟ್ಟು ಊರಿ, ಆಮೇಲೆಯೇ ಅವರು ಕುಂಚ ಮುಟ್ಟಿಸುತ್ತಿದ್ದದ್ದು. ಮಗಳು ಆ ಕೋಲಿನ ತಂಟೆಗೇ ಹೋದವಳಲ್ಲ.

“ನಂಗೆ ಬೇಡಪ್ಪ. ನನ್ನ ಕೈ ಅಲ್ಲಾಡಲ್ಲ” ಎಂದು ಜಂಬ ಕೊಚ್ಚಿಕೊಂಡಿದ್ದಳು.

“ಇಟ್ಕೊಂಡಿರು ಮಗಳೇ” ಎಂದು ಅಪ್ಪ ನಕ್ಕಿದ್ದರು. “ಕೈ ಅನ್ನೋದು ಯಾವತ್ತು ಕೈ ಕೊಡುತ್ತೋ ಹೇಳೋಕಾಗಲ್ಲ.”

ಅಪ್ಪ ಹೋದ ಮೇಲೆ ಆ ಕೋಲು ಕೆಲವು ಕಾಲ ಜೇಡರ ಬಲೆ ತೆಗೆಯುವುದಕ್ಕೆ ಬಳಕೆಯಾಯಿತು. ಆಮೇಲೆ ಎಲ್ಲಿ ಹೋಯಿತೋ ಯಾರೂ ಹುಡುಕಲಿಲ್ಲ.

ಮಿಸ್ಸಿನ ಗಂಡ ಅಂಚೆ ಹಂಚುತ್ತಿದ್ದವರು. ಒಂದು ಮಧ್ಯಾಹ್ನ ಸೈಕಲ್ಲನ್ನು ಗೋಡೆಗೆ ಒರಗಿಸಿ ನೆರಳಲ್ಲಿ ಕೂತವರು ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಮನೆಯಲ್ಲಿ ಉಳಿದವರು ಅತ್ತೆ ಮತ್ತು ಸೊಸೆ. ಇನ್ನು ಇವರಿಬ್ಬರೂ ಜುಟ್ಟು ಜುಟ್ಟು ಹಿಡಿದುಕೊಳ್ಳುತ್ತಾರೆ ಎಂದು ಅಕ್ಕಪಕ್ಕದವರು ಕಿವಿ ನಿಮಿರಿಸಿ ಕಾದರು. ಜಗಳವೇನೋ ದಿನಾ ನಡೆಯುತ್ತಿತ್ತು, ಆದರೆ ಅದು ಬೇಸರ ಕಳೆಯುವುದಕ್ಕೆ ಆಡುವ ಜಗಳ. ಅತ್ತೆ ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿಯುತ್ತಿದ್ದರು. ವಯಸ್ಸಾದರೂ ಕೈ ಗಟ್ಟಿಯಾಗಿತ್ತು, ಕಣ್ಣು ಮಾತ್ರ ಮಂಜು. ಹೊಲಿಗೆ ಕಾಣದಿದ್ದರೂ ಬೆರಳು ದಾರಿ ಹುಡುಕಿಕೊಳ್ಳುತ್ತಿತ್ತು. ಸೂಜಿಗೆ ದಾರ ಪೋಣಿಸುವುದೊಂದೇ ಆಗದ ಕೆಲಸ. ದಿನಾ ಸಂಜೆ ಸೊಸೆ ಸ್ಕೂಲಿನಿಂದ ಬಂದು ಒಂದಷ್ಟು ಸೂಜಿಗಳಿಗೆ ದಾರ ಪೋಣಿಸಿ ಬಟ್ಟೆಗೆ ಚುಚ್ಚಿಟ್ಟರೆ ಅತ್ತೆಗೆ ಮರುದಿನದ ಚಿಂತೆ ಮುಗಿದಂತೆ.

ವಿಷಯವನ್ನು ಮೊದಲು ಹೇಳಿದ್ದು ಆ ಸೂಜಿಯೇ. ದಾರದ ತುದಿ ಸೂಜಿಯ ಕಣ್ಣಿನ ಆಚೆ ಈಚೆ ಓಡಾಡತೊಡಗಿತು, ಒಳಗೆ ಮಾತ್ರ ಹೋಗದು. ಈ ದಾರ ಸರಿಯಿಲ್ಲ ಎಂದರು ಮಿಸ್ಸು. ಬೇರೆ ದಾರ ಬಂತು. ಬೆಳಕು ಸಾಲದು ಎಂದರು. ಕಿಟಕಿಯ ಬಳಿ ಹೋದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ಕಥೆ. ಕೊನೆಗೆ “ನಾಳೆ ಪೋಣಿಸ್ತೀನಿ ಅತ್ತೆ, ಇವತ್ತು ಸುಸ್ತು” ಎಂದು ಎದ್ದುಹೋದರು. ಆ ನಾಳೆ ಬರಲೇ ಇಲ್ಲ. ಅತ್ತೆ ಒತ್ತಾಯ ಮಾಡಲಿಲ್ಲ. ಬಟ್ಟೆಯ ತುಂಡುಗಳನ್ನು ಪಿನ್ನು ಚುಚ್ಚಿ ಜೋಡಿಸಿಡಲು ಶುರುಮಾಡಿದರು. ಮಾತಿಗೊಂದು ಮಾತು ಎಸೆಯುವ ಆ ಬಾಯಿ ಈ ಒಂದು ವಿಷಯದಲ್ಲಿ ಸುಮ್ಮನಿದ್ದುದನ್ನು ಸೊಸೆ ಗಮನಿಸಬೇಕಿತ್ತು. ಗಮನಿಸಲಿಲ್ಲ.

ಮಿಸ್ಸು ಯಾರಿಗೂ ಹೇಳದೆ ಡಾಕ್ಟರ ಬಳಿ ಹೋದರು. ಡಾಕ್ಟರು ಎರಡೂ ಕೈ ಮುಂದೆ ಚಾಚಿಸಿ ನೋಡಿದರು. ಒಂದು ಕಾಗದದ ಮೇಲೆ ಸುರುಳಿ ಬರೆಯಿಸಿದರು. ಸುರುಳಿ ಗರಗಸದ ಹಲ್ಲಿನ ಹಾಗೆ ಬಂತು. “ಇದು ಕೆಲವರಿಗೆ ಬರುತ್ತೆ. ಪ್ರಾಣಕ್ಕೇನೂ ತೊಂದರೆ ಇಲ್ಲ. ಮಾತ್ರೆಯಿಂದ ಸ್ವಲ್ಪ ಕಡಿಮೆ ಆಗುತ್ತೆ, ಪೂರ್ತಿ ಹೋಗಲ್ಲ. ಭಯ ಪಟ್ಟಷ್ಟೂ ಜಾಸ್ತಿ” ಎಂದು ಹೇಳಿ, “ಏನು ಕೆಲಸ ಮಾಡ್ತೀರಾ?” ಎಂದು ಕೇಳಿದರು.

“ಟೀಚರ್” ಎಂದರು ಮಿಸ್ಸು. ಏನು ಕಲಿಸುವ ಟೀಚರ್ ಎಂದು ಹೇಳಲಿಲ್ಲ.

ಭಯ ಪಡಬೇಡಿ ಎಂದರೆ ಭಯ ಹೋಗುವುದಾಗಿದ್ದರೆ ಲೋಕದಲ್ಲಿ ಅರ್ಧ ಕಾಯಿಲೆ ಇರುತ್ತಿರಲಿಲ್ಲ. ಚಿತ್ರದ ಮಿಸ್ಸಿನ ಕೈ ನಡುಗುತ್ತದೆ ಎಂದು ಗೊತ್ತಾದರೆ ಯಾರೂ ಬೈಯುವುದಿಲ್ಲ, ಪಾಪ ಅನ್ನುತ್ತಾರೆ. ಪಾಪ ಎಂದು ಕುರ್ಚಿ ಕೊಡುತ್ತಾರೆ, ಪಾಪ ಎಂದು ಬೇರೆಯವರನ್ನು ಕರೆಸುತ್ತಾರೆ, ಪಾಪ ಎಂದು ಮನೆಗೆ ಕಳಿಸುತ್ತಾರೆ. ಮಿಸ್ಸಿಗೆ ಆ ಪಾಪವೇ ಭಯ. ಮೂರನೇ ತರಗತಿಯ ಆ ಕೋಣೆ, ಬಣ್ಣ ಮೆತ್ತಿದ ಬೆಂಚು, ಮೂಗಿನ ತುದಿಯವರೆಗೂ ನೀಲಿ ಮಾಡಿಕೊಂಡು “ಮಿಸ್, ನೋಡಿ ಮಿಸ್” ಎಂದು ಓಡಿಬರುವ ಮಕ್ಕಳು, ಇಷ್ಟು ಬಿಟ್ಟರೆ ತಾನೇನು? ಅದಕ್ಕೇ ಬಲಗೈ ಬಣ್ಣದ ಕೆಲಸಕ್ಕೆ ತೊಡುವ ಏಪ್ರನ್ನಿನ ಜೇಬು ಸೇರಿತು.

ಜೇಬಿನಲ್ಲಿ ಕೈ ಇಟ್ಟುಕೊಂಡೇ ಚಿತ್ರ ಕಲಿಸುವುದು ಹೇಗೆ? ದಾರಿ ಹುಡುಕಿದರು. ಹಲಗೆಯ ಮೇಲೆ ತಾವು ಬರೆಯುವ ಬದಲು “ಬಾ, ನೀನು ಎಳಿ” ಎಂದು ಮಕ್ಕಳನ್ನೇ ಕರೆದರು. ಎಲೆಗೆ ಬಣ್ಣ ಬಳಿದು ಅಚ್ಚೊತ್ತಿಸಿದರು, ಹಳೆಯ ಪತ್ರಿಕೆ ಹರಿದು ಅಂಟಿಸಿ ಬೆಟ್ಟ ಮಾಡಿಸಿದರು, ಹೆಬ್ಬೆರಳ ಗುರುತಿನಿಂದ ಇರುವೆ ಸಾಲು ಮಾಡಿಸಿದರು. ಗೆರೆ ಇಲ್ಲದ ಚಿತ್ರಗಳು! ಮಕ್ಕಳಿಗೆ ಹಬ್ಬವೋ ಹಬ್ಬ. ಹೆಡ್ ಮೇಷ್ಟ್ರು ಕಿಟಕಿಯಿಂದ ನೋಡಿ, “ಈ ಹೊಸ ಪದ್ಧತಿ ಚೆನ್ನಾಗಿದೆ ಮಿಸ್” ಎಂದು ಶಹಬ್ಬಾಸ್‌ಗಿರಿ ಕೊಟ್ಟರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೂ ಮನೆಯವರು ಬೆಕ್ಕನ್ನೇ ಹೊಗಳಿದ ಹಾಗಾಯಿತು.

ಹಾಗೆಂದು ಯಾರೂ ಗಮನಿಸಲಿಲ್ಲ ಎಂದರೆ ಅದು ಪೂರ್ತಿ ನಿಜವಲ್ಲ. ಆ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಯಾವ ಮಾತು ಹೇಳಿದರೂ ಅದಕ್ಕೆ ಬಾಲದಂತೆ ಒಂದು ‘ಯಾಕೆ’ ಅಂಟಿಸುತ್ತಿದ್ದುದರಿಂದ ಅವಳಿಗೆ ಪ್ರಶ್ನೆಪತ್ರಿಕೆ ಎಂದೇ ಅಡ್ಡಹೆಸರು. ಬೆಳಗ್ಗೆ ತರಗತಿಗೆ ಬಂದ ಕೂಡಲೇ ಮಕ್ಕಳು ಬಾಗಿಲ ಪಕ್ಕದ ಹಲಗೆಯಲ್ಲಿ ತಮ್ಮ ಮೊಳೆಗೆ ಒಂದು ಮುಖ ನೇತುಹಾಕಬೇಕಿತ್ತು. ನಗುಮುಖ, ಅಳುಮುಖ, ಸಿಟ್ಟಿನ ಮುಖ, ಹೆದರಿಕೆಯ ಮುಖ, ಎಲ್ಲವನ್ನೂ ಮಿಸ್ಸೇ ಎಂದೋ ರಟ್ಟಿನಲ್ಲಿ ಕತ್ತರಿಸಿ ಬರೆದಿಟ್ಟಿದ್ದರು. ಮನಸ್ಸಿನಲ್ಲಿ ಇರುವುದನ್ನು ಮುಚ್ಚಿಡಬಾರದು, ಕಷ್ಟವಿದ್ದರೆ ಕೇಳಬೇಕು, ಕೇಳುವುದು ಸೋಲಲ್ಲ ಎಂದು ಪಾಠ. ಮಿಸ್ಸಿಗೂ ಒಂದು ಮೊಳೆ ಇತ್ತು. ಅದರಲ್ಲಿ ವರ್ಷವಿಡೀ ನಗುಮುಖ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ!

“ಮಿಸ್, ನಿಮಗೆ ದಿನಾ ಖುಷಿನಾ?” ಎಂದು ಕೇಳಿದ್ದಳು ಪ್ರಶ್ನೆಪತ್ರಿಕೆ.

“ಹೂಂ ಕಣೆ, ನಿಮ್ಮನ್ನೆಲ್ಲ ನೋಡಿದ್ರೆ ಖುಷಿ.”

“ಹಂಗಾದ್ರೆ ಜೇಬಲ್ಲಿ ಏನಿದೆ?”

“ಏನಿಲ್ಲ, ಚಳಿ.”

ಹುಡುಗಿ ಕಿಟಕಿಯಾಚೆಯ ಬಿಸಿಲನ್ನೊಮ್ಮೆ ನೋಡಿದಳು, ಮತ್ತೇನೂ ಕೇಳಲಿಲ್ಲ. ಅವಳು ಕೇಳದೆ ಬಿಟ್ಟ ಪ್ರಶ್ನೆ ಬಹುಶಃ ಅದೊಂದೇ.

ಆ ವರ್ಷ ಮೇಲಿನಿಂದ ಸೂಚನೆ ಬಂತು: ಮಕ್ಕಳಿಗೆ ಪರರಿಗೆ ನೆರವಾಗುವುದನ್ನು ಕಲಿಸಬೇಕು, ಅದರ ಬಗ್ಗೆ ರಸ್ತೆಗೆ ಕಾಣುವಂತೆ ಕಾಂಪೌಂಡ್ ಗೋಡೆಯ ಮೇಲೆ ಚಿತ್ರ ಬರೆಯಿಸಬೇಕು, ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದು ವಾಕ್ಯವಿರಬೇಕು, ಸೋಮವಾರ ಮಧ್ಯಾಹ್ನ ಅಧಿಕಾರಿಗಳು ಬಂದು ನೋಡುತ್ತಾರೆ. ಹೆಡ್ ಮೇಷ್ಟ್ರು ಸುಣ್ಣ ಬಳಿಸಿ ಗೋಡೆ ಸಿದ್ಧ ಮಾಡಿಸಿದರು. “ಬರೆಯೋರು ನೀವಿರುವಾಗ ನನಗೇನು ಚಿಂತೆ” ಎಂದು ಹೇಳಿ ಕೈ ತೊಳೆದುಕೊಂಡರು.

ಮಿಸ್ಸು ಆ ಬಿಳಿಗೋಡೆಯ ಉದ್ದವನ್ನು ಹೆಜ್ಜೆ ಹಾಕಿ ಅಳೆದರು. ಇಡೀ ರಸ್ತೆಗೆ ಕಾಣುವ ಗೋಡೆ. ಎರಡು ದಿನ ಯೋಚಿಸಿ ಉಪಾಯ ಹೂಡಿದರು. ಚಿತ್ರಕ್ಕೆ ಮಕ್ಕಳ ಅಂಗೈ ಅಚ್ಚು. ನೆರವಾಗುವುದು ಕೈಯಿಂದಲೇ ತಾನೆ? ಬಣ್ಣದಲ್ಲಿ ಅದ್ದಿದ ಅಂಗೈಯನ್ನು ಗೋಡೆಗೆ ಒತ್ತಿದರೆ ಸಾಕು, ಒಂದು ಗೆರೆಯೂ ಬೇಡ. ವಾಕ್ಯದ ವಿಚಾರಕ್ಕೆ ಬಂದಾಗ ಗಂಟಲು ಸರಿಮಾಡಿಕೊಂಡು, “ಈ ಸಲ ನೀವೇ ಯೋಚನೆ ಮಾಡಿ, ನೀವೇ ಬರೀರಿ. ನಾನು ಹೇಳಿಕೊಡಲ್ಲ. ನಿಮ್ಮ ಗೋಡೆ, ನಿಮ್ಮ ಮಾತು” ಎಂದರು. ಮಕ್ಕಳು ಹೋ ಎಂದು ಕೂಗಿದರು. ಮಿಸ್ಸಿಗೆ ನಾಚಿಕೆಯಾಯಿತು.

ಶನಿವಾರ ಬೆಳಗ್ಗೆ ಮಕ್ಕಳನ್ನು ಡ್ರಿಲ್ ಮೇಷ್ಟ್ರ ವಶಕ್ಕೆ ಒಪ್ಪಿಸಿ, ಮಿಸ್ಸು ಸಾಮಾನಿನ ಕೋಣೆಯಲ್ಲಿ ಕೂತು ತೊಳೆದಿಟ್ಟ ಕುಂಚಗಳನ್ನೇ ಮತ್ತೆ ತೊಳೆದರು. ಡ್ರಿಲ್ ಮೇಷ್ಟ್ರು ಮಕ್ಕಳು ಸಾಲಾಗಿ ನಿಂತಿದ್ದಾರೋ ಇಲ್ಲವೋ ಅಷ್ಟನ್ನೇ ನೋಡುವವರು. ಅಕ್ಷರಕ್ಕೂ ಅವರಿಗೂ ಎಣ್ಣೆ ಸೀಗೆಕಾಯಿ. ಗಂಟೆ ಹೊಡೆದ ಮೇಲೆ ಮಿಸ್ಸು ಹೊರಗೆ ಬಂದು ಗೇಟಿನ ಬಳಿಯಿಂದಲೇ ನೋಡಿದರು. ಕೆಂಪು, ಹಳದಿ, ಹಸಿರು ಅಂಗೈಗಳು ಗೋಡೆಯ ತುಂಬ. ಕೆಳಗೆ ದೊಡ್ಡದಾಗಿ ಏನೋ ಬರೆದಿತ್ತು. ಅಬ್ಬ, ಮುಗಿಯಿತಲ್ಲ ಎಂದು ಕಣ್ಣು ತುಂಬಿ ಬಂತು. ಹುಟ್ಟಿದಾಗಿನಿಂದ ಅಕ್ಷರದ ನಡುವೆಯೇ ಬೆಳೆದವರು ಆ ವಾಕ್ಯವನ್ನು ಓದದೆ ಮನೆಗೆ ಹೋದರು.

ಸೋಮವಾರ ಬೆಳಗ್ಗೆ ಬರುವಾಗ ಗೋಡೆಯ ಮುಂದೆ ಜನ ಗುಂಪುಗೂಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಿಸ್ಸು ಗುಂಪಿನೊಳಗೆ ತೂರಿ ನೋಡಿದರು. ಒಂದೊಂದು ಅಕ್ಷರ ಒಂದೊಂದು ಬಣ್ಣದಲ್ಲಿ, ಗೋಡೆಯ ಉದ್ದಕ್ಕೂ ಹೀಗೆ ಬರೆದಿತ್ತು:

‘ನಾವು ಎಲ್ಲರಿಗೂ ಕೈ ಕೊಡುತ್ತೇವೆ.’

“ಮಿಸ್, ಮಕ್ಕಳು ಇದ್ದದ್ದು ಇದ್ದ ಹಾಗೆ ಬರೆದಿದ್ದಾರೆ ಬಿಡಿ” ಎಂದ ಎದುರಿನ ಸೈಕಲ್ ರಿಪೇರಿಯವನು. “ಅಂಗಡಿ ಸಾಮಾನು ಎತ್ಕೊಂಡು ಓಡಿಹೋದ ನನ್ನ ಪಾಲುದಾರ ಇದೇ ಸ್ಕೂಲಲ್ಲೇ ಓದಿದ್ದು!”

ಮತ್ತೊಂದು ಸುತ್ತು ನಗು. ಹೆಡ್ ಮೇಷ್ಟ್ರು ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಗೇಟಿನಲ್ಲಿ ನಿಂತಿದ್ದರು. ಮಿಸ್ಸನ್ನು ಪಕ್ಕಕ್ಕೆ ಕರೆದರು.

“ಏನು ಮಿಸ್ ಇದು? ನೆರವಾಗಿ ಅಂದ್ರೆ, ಎಲ್ಲರಿಗೂ ಮೋಸ ಮಾಡ್ತೀವಿ ಅಂತ ಊರಿಗೆಲ್ಲ ಸಾರಿದ್ದಾರಲ್ಲ! ಮಧ್ಯಾಹ್ನ ಅವರು ಬಂದುಬಿಡ್ತಾರೆ. ಸುಣ್ಣ ಬಳಿಸಿಬಿಡ್ತೀನಿ. ನೀವು ನಿಂತು ಬೇರೆ ಬರೆದುಬಿಡಿ. ನಿಮಗದು ಎಷ್ಟರ ಕೆಲಸ?”

ಮಿಸ್ಸು “ಮಕ್ಕಳನ್ನ ನೋಡಿ ಬರ್ತೀನಿ ಸರ್” ಎಂದಷ್ಟೇ ಹೇಳಿದರು. ಜೇಬಿನೊಳಗೆ ಕೈ ಹಕ್ಕಿಮರಿಯಂತೆ ಅದುರುತ್ತಿತ್ತು.

ಮಿಸ್ಸು ಮೂರನೇ ತರಗತಿಗೆ ಹೋದರು. ಬಾಗಿಲ ಪಕ್ಕದ ಹಲಗೆಯಲ್ಲಿ ಅಳುಮುಖಗಳು ಖಾಲಿಯಾಗಿ, ಸಿಗದವರು ಸಿಟ್ಟಿನ ಮುಖ ಹಾಕಿದ್ದರು. ಪ್ರಶ್ನೆಪತ್ರಿಕೆಯ ಮೊಳೆಯಲ್ಲಿ ಮುಖವೇ ಇರಲಿಲ್ಲ. ಅವಳು ಬೆಂಚಿನ ಮೇಲೆ ತಲೆ ಇಟ್ಟು ಕೂತಿದ್ದಳು. ಆ ವಾಕ್ಯ ಅವಳದೇ.

“ಯಾಕೆ ಮಿಸ್ ಎಲ್ಲರೂ ನಗ್ತಾರೆ?” ತಲೆ ಎತ್ತದೆ ಕೇಳಿದಳು.

ಮಿಸ್ಸು ಅವಳ ಪಕ್ಕದಲ್ಲಿ ಕೂತರು. “ನೋಡು ಮರಿ, ದೊಡ್ಡೋರ ಮಾತಲ್ಲಿ ಕೈ ಕೊಡೋದು ಅಂದ್ರೆ... ನಂಬಿಸಿ ಬಿಟ್ಟು ಹೋಗೋದು. ಬರ್ತೀನಿ ಅಂತ ಹೇಳಿ ಬರದೇ ಇರೋದು. ಮೋಸ ಮಾಡೋದು.”

ಹುಡುಗಿ ತಲೆ ಎತ್ತಿದಳು. ಕಣ್ಣು ಕೆಂಪಾಗಿತ್ತು. “ನಮ್ಮಜ್ಜಿ ನೆಲದಲ್ಲಿ ಕೂತ್ರೆ ಏಳೋಕಾಗಲ್ಲ. ‘ಸ್ವಲ್ಪ ಕೈ ಕೊಡು ಮರಿ’ ಅಂತಾರೆ. ನಾನು ಕೊಡ್ತೀನಿ. ಅವರು ಏಳ್ತಾರೆ. ದಿನಾ ಕೊಡ್ತೀನಿ ಮಿಸ್. ಅದು ಮೋಸಾನಾ?”

 ಇಷ್ಟು ವರ್ಷ ಅಕ್ಷರ ಬರೆದ ಮಿಸ್ಸಿಗೆ ಈ ಎರಡು ಅರ್ಥ ಇಷ್ಟು ಹತ್ತಿರ ಇವೆ ಎಂದು ಹೊಳೆದೇ ಇರಲಿಲ್ಲ.

“ಅಲ್ಲ, ಅದು ಮೋಸ ಅಲ್ಲ” ಎಂದರು.

“ಮತ್ತೆ ಒಂದೇ ಮಾತು ಒಳ್ಳೇದೂ ಹೆಂಗೆ, ಕೆಟ್ಟದ್ದೂ ಹೆಂಗೆ?”

ಹಿಂದಿನ ಬೆಂಚಿನ ತುಂಟನೊಬ್ಬ ಮೂಗು ಸೇದುತ್ತ ಹೇಳಿದ: “ಅಜ್ಜಿ ಹಿಡ್ಕೊಳ್ತಾರಲ್ಲ, ಅದಕ್ಕೆ. ಹಿಡ್ಕೊಂಡ್ರೆ ಮೋಸ ಹೆಂಗಾಗುತ್ತೆ?”

ತರಗತಿಯಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತೆ ಗದ್ದಲವೆದ್ದಿತು. ಸುಣ್ಣ ಬೇಡ ಮಿಸ್, ನಮ್ಮ ಕೈ ಅಳಿಸಬೇಡಿ ಮಿಸ್, ಒಂದೇ ಒಂದು ಮಾತು ಸೇರಿಸಿದ್ರೆ ಸಾಕು ಮಿಸ್! ಆ ಮಾತು ಯಾವುದೆಂದು ಎಲ್ಲರೂ ಒಟ್ಟಿಗೆ ಕೂಗಿದರು: ‘ಹಿಡಿದುಕೊಳ್ಳಿ!’

“ಸರಿ ಹಾಗಾದ್ರೆ” ಎಂದರು ಮಿಸ್ಸು, ಅವರಿಗೂ ಉತ್ಸಾಹ ಬಂದಿತ್ತು. “ಯಾರು ಬರೀತೀರಾ?”

ಯಾರೂ ಕೈ ಎತ್ತಲಿಲ್ಲ. ಎಂದೂ ಹೀಗಾದದ್ದಿಲ್ಲ, ಬಣ್ಣ ಎಂದರೆ ಒಬ್ಬರ ಮೇಲೊಬ್ಬರು ಬೀಳುವ ಮಕ್ಕಳು. ಪ್ರಶ್ನೆಪತ್ರಿಕೆ ಸಣ್ಣ ದನಿಯಲ್ಲಿ ಹೇಳಿದಳು:

“ನೀವೇ ಬರೀರಿ ಮಿಸ್. ನಾವು ಬರೆದ್ರೆ ಮತ್ತೆ ನಗ್ತಾರೆ.”

 ಮಿಸ್ಸಿಗೆ ಇಲ್ಲ ಎನ್ನಲು ಕಾರಣಗಳು ಸಾಲುಗಟ್ಟಿ ಬಂದವು. ನಿಮ್ಮ ಗೋಡೆ, ನಿಮ್ಮ ಮಾತು ಎಂದುಬಿಡಬಹುದಿತ್ತು. ಸುಸ್ತು ಎನ್ನಬಹುದಿತ್ತು. ಸುಣ್ಣವೇ ಇರಲಿ ಎಂದು ಹೆಡ್ ಮೇಷ್ಟ್ರ ಮೇಲೆ ಹಾಕಬಹುದಿತ್ತು. ಕಷ್ಟವಿದ್ದರೆ ಕೇಳಿ ಎಂದು ಹೇಳಿಕೊಟ್ಟವರು ಅವರೇ. ಈಗ ಮಕ್ಕಳು ಕೇಳಿದ್ದಾರೆ. ಈಗ ಜಾರಿಕೊಂಡರೆ ಊರು ನಗುತ್ತಿರುವ ಅರ್ಥದಲ್ಲಿಯೇ ಈ ಮಕ್ಕಳಿಗೆ ಕೈ ಕೊಟ್ಟಂತೆ. ಶನಿವಾರ ಒಮ್ಮೆ ಕೊಟ್ಟಾಗಿದೆ, ಅದರ ಫಲವೇ ಈ ಅಳುಮುಖಗಳು.

ಅವರು ಎದ್ದು ಹಲಗೆಯ ಬಳಿ ಹೋದರು. ತಮ್ಮ ಮೊಳೆಯಿಂದ ನಗುಮುಖ ತೆಗೆದರು. ಅದರ ತೂತು ಸವೆದು ಅಗಲವಾಗಿತ್ತು. ಹೆದರಿಕೆಯ ಮುಖ ತೆಗೆದು ನೇತುಹಾಕಲು ಹೋದರೆ ಅದು ಮೊಳೆಗೆ ಸಿಕ್ಕಲೇ ಇಲ್ಲ, ರಟ್ಟು ಗೋಡೆಗೆ ಟಕಟಕ ಬಡಿಯಿತು. ಎಲ್ಲರೂ ನೋಡುತ್ತಿದ್ದರು. ಜೇಬಿನಿಂದ ಹೊರಗೆ ಬಂದಿದ್ದ ಬಲಗೈಯನ್ನು ಮಿಸ್ಸು ಈ ಸಲ ಮುಚ್ಚಿಡಲಿಲ್ಲ.

“ಚಳಿ ಅಲ್ಲ” ಎಂದರು. “ಕೈ ನಡುಗುತ್ತೆ. ಡಾಕ್ಟರು ಹೋಗಲ್ಲ ಅಂದಿದ್ದಾರೆ. ನನ್ನ ಕೈ ನನಗೇ ಕೈ ಕೊಟ್ಟಿದೆ. ಗೊತ್ತಾದ್ರೆ ನೀವೆಲ್ಲ ಏನಂದ್ಕೊಳ್ತೀರೋ ಅಂತ ಹೆದರಿಕೆ ಆಗಿತ್ತು.” 

ಮಕ್ಕಳು ಪಾಪ ಅನ್ನಲಿಲ್ಲ. ಅವರಿಗೆ ಅಷ್ಟು ಸಮಯವಿರಲಿಲ್ಲ. ನೋಯುತ್ತಾ ಎಂದು ಒಬ್ಬ ಕೇಳಿದ. ನಮ್ಮ ಮಾವಂಗೂ ಕಾಲು ಹಿಂಗೇ ಎಂದ ಇನ್ನೊಬ್ಬ. ಊಟ ಮಾಡುವಾಗ ಚೆಲ್ಲುತ್ತಾ ಎಂದಳು ಒಬ್ಬಳು, ಬಹಳ ಆಸಕ್ತಿಯಿಂದ. ಪ್ರಶ್ನೆಪತ್ರಿಕೆ ಎದ್ದು ಬಂದು, ಹೆದರಿಕೆಯ ಮುಖವನ್ನು ಮಿಸ್ಸಿನ ಕೈಯಿಂದ ತೆಗೆದುಕೊಂಡು ಮೊಳೆಗೆ ಸಿಕ್ಕಿಸಿದಳು.

ಗೋಡೆಯ ಮುಂದೆ ಇನ್ನೂ ನಾಲ್ಕಾರು ಜನ ಇದ್ದರು. ಹೆಡ್ ಮೇಷ್ಟ್ರು ಸುಣ್ಣದ ಬಕೆಟ್ಟಿನ ಪಕ್ಕ ಕಾಯುತ್ತಿದ್ದರು. ಮಿಸ್ಸು ಕುಂಚವನ್ನು ಕೆಂಪಿಗೆ ಅದ್ದಿ ವಾಕ್ಯದ ಕೊನೆಯಲ್ಲಿ ಊರಿದರು. ‘ಹಿ’ಯ ಮೊದಲ ಗೆರೆಯೇ ಹಾವಿನಂತೆ ಹರಿಯಿತು. ಸೈಕಲ್ ರಿಪೇರಿಯವನ ನಗು ನಿಂತಿತು. ಹೆಡ್ ಮೇಷ್ಟ್ರು ಬಕೆಟ್ಟು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. ಮಿಸ್ಸಿಗೆ ಕುಂಚ ಬಿಸಾಡಿ ಓಡಿಹೋಗಬೇಕು ಅನ್ನಿಸಿತು, ನಿಜವಾಗಿಯೂ ಅನ್ನಿಸಿತು.

ಆಗ ಪ್ರಶ್ನೆಪತ್ರಿಕೆ ಒಂದು ಮಾತೂ ಕೇಳದೆ ಬಂದು, ತನ್ನ ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿ, ಮುಂದೋಳನ್ನು ಮಿಸ್ಸಿನ ಮಣಿಕಟ್ಟಿನ ಕೆಳಗೆ ಚಾಚಿ ನಿಂತಳು. “ಇದರ ಮೇಲೆ ಇಡಿ ಮಿಸ್” ಎಂದಳು. “ಅಜ್ಜಿಗಿಂತ ನೀವು ಭಾರ ಇರಲ್ಲ.”

ಮಿಸ್ಸು ಮಣಿಕಟ್ಟನ್ನು ಆ ಪುಟ್ಟ ತೋಳಿನ ಮೇಲೆ ಊರಿದರು. ಅಪ್ಪನ ಕೋಲು ನೆನಪಾಯಿತು. ಬೇಡ ಎಂದು ಬೀಗಿದ್ದ ಹುಡುಗಿಯೂ ನೆನಪಾದಳು. ನಡುಕ ಪೂರ್ತಿ ಹೋಗಲಿಲ್ಲ, ಆದರೆ ಕುಂಚಕ್ಕೆ ದಾರಿ ಸಿಕ್ಕಿತು. ‘ಹಿ’ ಆಯಿತು, ‘ಡಿ’ ಆಯಿತು. ತೋಳು ನೋಯತೊಡಗಿದಾಗ ಹಿಂದಿನ ಬೆಂಚಿನ ತುಂಟ ಬಂದು ತನ್ನ ತೋಳು ಕೊಟ್ಟ. ಮಕ್ಕಳು ತಾವೇ ಸಾಲು ನಿಂತರು, ಡ್ರಿಲ್ ಮೇಷ್ಟ್ರು ಶಿಳ್ಳೆ ಊದದೆಯೇ ಸಾಲು ನೆಟ್ಟಗಿತ್ತು. ಕೊನೆಯ ‘ಳ್ಳಿ’ ಮಾತ್ರ ಬಹಳ ತೊಂದರೆ ಕೊಟ್ಟಿತು, ಆ ಅಕ್ಷರ ಗಟ್ಟಿ ಕೈಯವರಿಗೂ ತೊಂದರೆ ಕೊಡುವಂಥದ್ದೇ.

‘ನಾವು ಎಲ್ಲರಿಗೂ ಕೈ ಕೊಡುತ್ತೇವೆ. ಹಿಡಿದುಕೊಳ್ಳಿ!’

ಹೆಡ್ ಮೇಷ್ಟ್ರು ಎರಡು ಸಲ ಓದಿದರು. ಆಮೇಲೆ ಮಿಸ್ಸಿನ ಕೈ ನೋಡಿದರು. ಅವರಿಗೆ ಏನೂ ಹೇಳಬೇಕಾಗಿರಲಿಲ್ಲ, ಆದರೂ ಮಿಸ್ಸು ಎಲ್ಲವನ್ನೂ ಹೇಳಿದರು, ಶನಿವಾರ ಬಚ್ಚಿಟ್ಟುಕೊಂಡದ್ದನ್ನೂ ಸೇರಿಸಿ.

“ನಾಳೆಯಿಂದ ಬರಬೇಡಿ ಅಂದ್ರೆ ಅನ್ನಿ ಸರ್. ಆದ್ರೆ ಬರಬೇಕು ಅಂತ ನನಗೆ ಆಸೆ ಇದೆ. ಗೆರೆ ಮಾತ್ರ ಇನ್ನು ಹೀಗೇ ಇರುತ್ತೆ.”

ಹೆಡ್ ಮೇಷ್ಟ್ರು ಸುಣ್ಣದ ಬಕೆಟ್ಟಿಗೆ ಮುಚ್ಚಳ ಹಾಕಿದರು. “ನನ್ನ ಸಹಿ ನೋಡಿದ್ದೀರಲ್ಲ ಮಿಸ್” ಎಂದರು. “ಕಾಗೆ ಕಾಲು ಗುಬ್ಬಿ ಕಾಲು. ಇಷ್ಟು ವರ್ಷ ಇದೇ ಸಹೀಲಿ ಸ್ಕೂಲು ನಡೆಸಿದ್ದೀನಿ. ನೀವು ಬನ್ನಿ. ಮುಂದಿನ ವರ್ಷದ್ದು ಮುಂದಿನ ವರ್ಷ ನೋಡೋಣ.” ಹೀಗೆ ಹೇಳಿ ಬಕೆಟ್ಟನ್ನು ತಾವೇ ಎತ್ತಿಕೊಂಡು ಒಳಗೆ ಹೋದರು. ಮಧ್ಯಾಹ್ನ ಬಂದ ಅಧಿಕಾರಿಗಳು ಗೋಡೆ ಓದಿ ನಕ್ಕರು, ಟೀ ಕುಡಿದರು, ಹೋದರು.

ಸಂಜೆ ಮಿಸ್ಸು ಮನೆಗೆ ಬಂದಾಗ ಅತ್ತೆ ನೆಲದ ಮೇಲೆ ಬಟ್ಟೆಯ ತುಂಡುಗಳ ನಡುವೆ ಕೂತಿದ್ದರು. ಮಿಸ್ಸು ಚೀಲವನ್ನೂ ಕೆಳಗಿಡದೆ ನಿಂತಲ್ಲೇ ಹೇಳಿದರು: “ಅತ್ತೆ, ಇನ್ನು ನನ್ನ ಕೈಲಿ ಸೂಜಿ ಪೋಣಿಸೋಕಾಗಲ್ಲ. ಕೈ ನಡುಗುತ್ತೆ.”

“ಅಯ್ಯೋ, ಅದು ನಿನಗೆ ಇವತ್ತು ಗೊತ್ತಾಯ್ತಾ?” ಎಂದರು ಅತ್ತೆ. ಎಡಗೈ ಬೆರಳು ಮುಂದೆ ಚಾಚಿದರು. ತುದಿಯೆಲ್ಲ ಪಿನ್ನು ಚುಚ್ಚಿದ ಗುರುತು. “ನೀನಾಗಿ ಹೇಳ್ತೀಯ ಅಂತ ಕಾಯ್ತಾ ಕೂತು ನನ್ನ ಬೆರಳು ಜರಡಿ ಆಯ್ತು. ನಾಳೆ ಪೋಣಿಸ್ತೀನಿ ಅಂದಿದ್ದೆಯಲ್ಲ, ನಿನ್ನ ನಾಳೆಗೆ ಬೆಂಕಿ ಹಾಕ.”

ಮಿಸ್ಸು ಪಕ್ಕದಲ್ಲಿ ಕುಸಿದು ಕೂತು ಅತ್ತೇಬಿಟ್ಟರು. ಅತ್ತೆ ಸೊಸೆಯನ್ನು ಸ್ವಲ್ಪ ಹೊತ್ತು ಅಳಲು ಬಿಟ್ಟು, ಆಮೇಲೆ ಡಬ್ಬಿ ತೆರೆದು ಸೂಜಿ ದಾರ ತೆಗೆದರು.

“ಅತ್ತಿದ್ದು ಸಾಕು. ನನಗೆ ಕಣ್ಣಿಲ್ಲ, ನಿನಗೆ ಕೈಯಿಲ್ಲ. ಇಬ್ಬರೂ ಸೇರಿದ್ರೆ ಒಬ್ಬ ಮನುಷ್ಯ ಆಗಲ್ವಾ? ನಾನು ಹಿಡಿದಿರ್ತೀನಿ, ನೀನು ದಾರಿ ಹೇಳು.”

“ಸ್ವಲ್ಪ ಎಡಕ್ಕೆ ಅತ್ತೆ.”

“ಯಾರ ಎಡಕ್ಕೆ?”

“ನಿಮ್ಮ ಎಡಕ್ಕೆ. ಅಯ್ಯೋ, ಅಷ್ಟಲ್ಲ. ಮೇಲೆ. ಸ್ವಲ್ಪ ಕೆಳಗೆ.”

“ಮೇಲೆ ಅಂತೀಯ, ಕೆಳಗೆ ಅಂತೀಯ. ಮಕ್ಕಳು ನಿನ್ನ ಹತ್ರ ಹೆಂಗೆ ಕಲೀತಾರೋ!”

ಬಹಳ ಸಲ ತಪ್ಪಿ, ಬೈಗುಳದ ನಡುವೆ ಯಾವಾಗಲೋ ದಾರ ಒಳಗೆ ಹೋಯಿತು.  ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿ, ಮಂಡಿಯ ಮೇಲೆ ಕೈ ಊರಿ ಮೇಲೆದ್ದಂತೆ ಮಾಡಿ, ಆಗದೆ ಮತ್ತೆ ಕೂತರು.

“ಎಲ್ಲಿ, ಸ್ವಲ್ಪ ಕೈ ಕೊಡೇ” ಎಂದರು.

ಮಿಸ್ಸಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗೋಡೆಯ ಕಥೆ ತಿಳಿಯದ ಅತ್ತೆ, “ಕೈ ಕೊಡು ಅಂದ್ರೆ ಹಲ್ಲು ಕಿಸೀತಾಳಲ್ಲ ಇವಳು” ಎಂದು ರೇಗಿದರು. ಮಿಸ್ಸು ಎದ್ದು ನಿಂತು, ಎಡಗೈಯನ್ನಲ್ಲ, ಆ ನಡುಗುವ ಬಲಗೈಯನ್ನೇ ಚಾಚಿದರು. ಅತ್ತೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಎದ್ದರು.